ಕೈಯಲ್ಲೊಂದು ಹೊಸ ಒರೆಗಲ್ಲು



ಮಗಳ ಮದುವೆಗೆಂದು ಅಜ್ಜಿಯ ಕಾಲದ ಅವಲಕ್ಕಿ ಸರವನ್ನು ಮುರಿಸಿ ಹೊಸದು ಮಾಡಿಸಲು ಹೊರಟಿದ್ದೀರಿ ಎಂದುಕೊಳ್ಳಿ. ಮುಂಬಯಿಯವರಾದರೆ ಜವೇರಿ ಬಜಾರ್, ಚೆನ್ನೈನವರಾದರೆ ಟಿ. ನಗರ. ಅಂಗಡಿಯವರು ಸರವನ್ನು ಒಂದು ಪುಟ್ಟ ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕುತ್ತಾರೆ. ಅರ್ಧ ನಿಮಿಷ ಕಳೆಯುವುದರೊಳಗೆ ಪರದೆಯ ಮೇಲೆ ಅಂಕಿಗಳು ಮೂಡುತ್ತವೆ: ಚಿನ್ನ 87.4, ತಾಮ್ರ 7.5, ಬೆಳ್ಳಿ 5.1. ಇದು 21 ಕ್ಯಾರೆಟ್ ಅಷ್ಟೇ ಎನ್ನುತ್ತಾರೆ ಅಂಗಡಿಯವರು. ಅಜ್ಜಿ ಮಾತ್ರ ಜೀವನಪೂರ್ತಿ ಅದನ್ನು 22 ಕ್ಯಾರೆಟ್ ಎಂದೇ ನಂಬಿದ್ದರು.

40 ಗ್ರಾಂ ತೂಕದ ಸರದಲ್ಲಿ ಈ ಒಂದು ಕ್ಯಾರೆಟ್ ವ್ಯತ್ಯಾಸ ಎಂದರೆ ಸುಮಾರು 1.7 ಗ್ರಾಂ ಅಪ್ಪಟ ಚಿನ್ನ. ಇಂದಿನ ಬೆಲೆಯಲ್ಲಿ ಅದು ಸಣ್ಣ ಮೊತ್ತವೇನಲ್ಲ. ಹಣಕ್ಕಿಂತ ಹೆಚ್ಚಾಗಿ, ಅಜ್ಜಿಗೆ ಯಾರೋ ಮೋಸ ಮಾಡಿದ್ದರೇ ಎಂಬ ಪ್ರಶ್ನೆ ಮನಸ್ಸನ್ನು ಚುಚ್ಚುತ್ತದೆ. ಪೆಟ್ಟಿಗೆಯ ಮಾತನ್ನು ನಂಬಬೇಕೆ? ಅದು ಒಳಗೆ ಏನು ಮಾಡಿತು? ಅದಕ್ಕೆ ಕಾಣದೇ ಹೋದದ್ದು ಏನಾದರೂ ಇದೆಯೇ?

ಈ ಪ್ರಶ್ನೆಗಳು ಚಿನ್ನದ ಅಂಗಡಿಗೆ ಮಾತ್ರ ಸೀಮಿತವಲ್ಲ. ಒಂದು ಕಾಲಕ್ಕೆ ಕೋಣೆ ತುಂಬುತ್ತಿದ್ದ ರಾಸಾಯನಿಕ ಪರೀಕ್ಷೆಯ ಉಪಕರಣಗಳು ಇಂದು ಕೂದಲು ಒಣಗಿಸುವ ಡ್ರೈಯರ್‌ನ ಗಾತ್ರಕ್ಕೆ ಇಳಿದಿವೆ. ಸಂತೆಯಲ್ಲಿ, ಔಷಧ ಗೋದಾಮಿನಲ್ಲಿ, ವಿಮಾನ ನಿಲ್ದಾಣದಲ್ಲಿ, ಅಷ್ಟೇ ಏಕೆ, ಚಂದ್ರನ ನೆಲದ ಮೇಲೂ ಅವು ಕೆಲಸ ಮಾಡಿವೆ. ಅವುಗಳ ಕೈಲಾಗುವುದೇನು, ಕೈಲಾಗದ್ದೇನು ಎಂದು ಇಂದು ನೋಡೋಣ.

ಒರೆಯೂ ಪುಟವೂ

ನಮ್ಮ ಅಕ್ಕಸಾಲಿಗರಿಗೆ ಎರಡು ಬಗೆಯ ಪರೀಕ್ಷೆ ತಿಳಿದಿತ್ತು. ಒಂದು ಒರೆಗಲ್ಲು. ನುಣುಪಾದ ಕಪ್ಪು ಕಲ್ಲಿನ ಮೇಲೆ ಒಡವೆಯನ್ನು ಉಜ್ಜಿ, ಮೂಡಿದ ಗೆರೆಯನ್ನು ಗುಣಮಟ್ಟ ಗೊತ್ತಿರುವ ಚಿನ್ನದ ಗೆರೆಯೊಂದಿಗೆ ಹೋಲಿಸುವುದು. ಬೇಕಾದರೆ ಒಂದು ಹನಿ ಆಮ್ಲ ಬಿಟ್ಟು ಗೆರೆ ಉಳಿಯುತ್ತದೆಯೋ ಅಳಿಯುತ್ತದೆಯೋ ನೋಡುವುದು. ಗಿರಾಕಿಯ ಎದುರಿಗೇ ಉತ್ತರ ಸಿಗುತ್ತಿತ್ತು, ಒಡವೆಗೂ ಹೆಚ್ಚೇನೂ ಪೆಟ್ಟಾಗುತ್ತಿರಲಿಲ್ಲ.

ಇನ್ನೊಂದು ಪುಟ. ಬೆಂಕಿಗಿಟ್ಟು ಕೀಳು ಲೋಹಗಳನ್ನೆಲ್ಲ ಕಳೆಯುವುದು. ಇಂದಿನ ಪರೀಕ್ಷಾ ಕೇಂದ್ರಗಳಲ್ಲಿ ನಡೆಯುವ ಅಗ್ನಿಪರೀಕ್ಷೆಯೂ ಅದೇ ದಾರಿಯದು. ಒಡವೆಯಿಂದ ತುಸುವೇ ಚೂರು ತೆಗೆದು, ತೂಕ ಮಾಡಿ, ಬೆಳ್ಳಿ ಸೇರಿಸಿ, ಸೀಸದ ಹಾಳೆಯಲ್ಲಿ ಸುತ್ತಿ ಕುಲುಮೆಗೆ ಇಡುತ್ತಾರೆ. ಸೀಸವು ತಾಮ್ರದಂಥ ಲೋಹಗಳನ್ನು ತನ್ನೊಂದಿಗೆ ಎಳೆದುಕೊಂಡು ಹೋಗುತ್ತದೆ. ಉಳಿದ ಗುಂಡಿನಿಂದ ಬೆಳ್ಳಿಯನ್ನು ನೈಟ್ರಿಕ್ ಆಮ್ಲ ಕರಗಿಸುತ್ತದೆ. ಕೊನೆಗೆ ಉಳಿದದ್ದು ಚಿನ್ನ. ಅದನ್ನು ಮತ್ತೆ ತೂಗುತ್ತಾರೆ. ಈ ಪರೀಕ್ಷೆಗೆ ಹೊತ್ತು ಬೇಕು, ಕುಲುಮೆ ಬೇಕು, ನುರಿತ ಕೈ ಬೇಕು. ಆದರೆ ಇದರ ಮಾತೇ ಕೊನೆಯ ಮಾತು.

ಅಂಗಡಿಯ ಪೆಟ್ಟಿಗೆ ಹೊಸ ಕಾಲದ ಒರೆಗಲ್ಲು. ಪುಟದ ಕೆಲಸವನ್ನು ಅದರಿಂದ ನಿರೀಕ್ಷಿಸಬಾರದು. ಈ ಒಂದು ಮಾತು ನೆನಪಿದ್ದರೆ ಉಳಿದದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಒಲೆಯ ಮೇಲಿನ ವಿಜ್ಞಾನ

ಗ್ಯಾಸ್ ಒಲೆಯ ಮೇಲೆ ಸಾರು ಉಕ್ಕಿದಾಗ ನೀಲಿ ಜ್ವಾಲೆ ಥಟ್ಟನೆ ಹಳದಿಯಾಗುವುದನ್ನು ನೀವೆಲ್ಲ ನೋಡಿದ್ದೀರಿ. ಸಾರಿನ ಉಪ್ಪಿನಲ್ಲಿರುವ ಸೋಡಿಯಂ ಆ ಹಳದಿಗೆ ಕಾರಣ. ಶಾಖದಿಂದ ಕೆರಳಿದ ಸೋಡಿಯಂ ಪರಮಾಣು ತನ್ನದೇ ಆದ ಹಳದಿ ಬೆಳಕನ್ನು ಚೆಲ್ಲುತ್ತದೆ. ತಾಮ್ರದ ಲವಣಗಳಾದರೆ ಹಸಿರು. ಪ್ರತಿಯೊಂದು ಮೂಲವಸ್ತುವಿಗೂ ಹೀಗೆ ಬೆಳಕಿನಲ್ಲಿ ಒಂದು ಹೆಬ್ಬೆಟ್ಟಿನ ಗುರುತಿದೆ. ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕಾಣುವ ಪಟ್ಟಿಗೆ ರೋಹಿತ ಎಂದು ಹೆಸರು. ರೋಹಿತವನ್ನು ಓದಿ ವಸ್ತುವನ್ನು ಗುರುತಿಸುವ ವಿದ್ಯೆಯೇ ಸ್ಪೆಕ್ಟ್ರೋಸ್ಕೋಪಿ.

ಚಿನ್ನದ ಅಂಗಡಿಯ ಯಂತ್ರದಲ್ಲಿ ಬೆಂಕಿಯ ಬದಲು ಎಕ್ಸ್-ರೇ ಇದೆ. ಇದನ್ನು ಎಕ್ಸ್‌ಆರ್‌ಎಫ್ ಎನ್ನುತ್ತಾರೆ. ಎಕ್ಸ್-ರೇ ಬಡಿದಾಗ ಪರಮಾಣುವಿನ ಒಳಕವಚದಿಂದ ಒಂದು ಎಲೆಕ್ಟ್ರಾನ್ ಹೊರಗೆ ಚಿಮ್ಮುತ್ತದೆ. ಖಾಲಿಯಾದ ಜಾಗಕ್ಕೆ ಹೊರಕವಚದ ಎಲೆಕ್ಟ್ರಾನ್ ಇಳಿಯುತ್ತದೆ. ಇಳಿಯುವಾಗ ಉಳಿದ ಶಕ್ತಿಯನ್ನು ಮತ್ತೊಂದು ಎಕ್ಸ್-ರೇಯಾಗಿ ಹೊರಕ್ಕೆ ಬಿಡುತ್ತದೆ. ಈ ಶಕ್ತಿ ಎಷ್ಟೆಂಬುದು ಮೂಲವಸ್ತುವಿನಿಂದ ಮೂಲವಸ್ತುವಿಗೆ ಬೇರೆ. ತಾಮ್ರದ್ದು 8.05 ಕಿಲೋ ಎಲೆಕ್ಟ್ರಾನ್ ವೋಲ್ಟ್, ಚಿನ್ನದ ಒಂದು ಮುಖ್ಯ ಗೆರೆ 9.71, ಬೆಳ್ಳಿಯದು 22.16. ಯಾವ ಶಕ್ತಿಯ ಕಿರಣ ಎಷ್ಟು ಬಂತೆಂದು ಯಂತ್ರ ಎಣಿಸಿ, ಶೇಕಡಾವಾರು ಲೆಕ್ಕ ಕೊಡುತ್ತದೆ.

ಇದರ ಮಿತಿಯೂ ಇಲ್ಲಿಯೇ ಇದೆ. ಚಿನ್ನ ಭಾರವಾದ ಲೋಹವಾದ್ದರಿಂದ ಒಳಗಿನಿಂದ ಹೊರಟ ಕಿರಣವನ್ನು ಅದೇ ನುಂಗಿಬಿಡುತ್ತದೆ. ಹೀಗಾಗಿ ಯಂತ್ರಕ್ಕೆ ಕಾಣುವುದು ಮೇಲ್ಮೈಯ ಸುಮಾರು 10 ಮೈಕ್ರಾನ್‌ನಷ್ಟು ಪದರ ಮಾತ್ರ. ನಮ್ಮ ತಲೆಗೂದಲಿನ ದಪ್ಪದ ಒಂದು ಭಾಗ ಅಷ್ಟೇ. ಮೇಲೆ ದಪ್ಪ ಚಿನ್ನದ ಲೇಪ ಕೊಟ್ಟು ಒಳಗೆ ಬೇರೆ ಲೋಹ ತುಂಬಿದರೆ ಯಂತ್ರ ಮೋಸಹೋಗಬಹುದು. ಅದರ ಕಿರಣ ಬೀಳುವ ಜಾಗವೂ ಬಹಳ ಚಿಕ್ಕದು. ಅಜ್ಜಿಯ ಸರದಂಥ ಕೈಕೆಲಸದ ಒಡವೆಯಲ್ಲಿ ಕೊಂಡಿಕೊಂಡಿಗೂ ಬೆಸುಗೆ ಇರುತ್ತದೆ. ಬೆಸುಗೆ ಬೇಗ ಕರಗಬೇಕಾದ್ದರಿಂದ ಅದರಲ್ಲಿ ಚಿನ್ನ ಕಡಿಮೆ, ಬೇರೆ ಲೋಹ ಹೆಚ್ಚು. ಕಿರಣ ಬೆಸುಗೆಯ ಮೇಲೆ ಬಿದ್ದರೆ 22 ಕ್ಯಾರೆಟ್ಟಿನ ಸರವೂ 21 ಎಂದು ತೋರೀತು. ಯಂತ್ರ ಸುಳ್ಳು ಹೇಳಲಿಲ್ಲ. ಅದನ್ನು ಕೇಳಿದ ಜಾಗ ಸರಿ ಇರಲಿಲ್ಲ.

ಆದ್ದರಿಂದ ಒಂದೇ ಅಂಕಿಗೆ ಒಪ್ಪಬೇಡಿ. ಸರದ ನಾಲ್ಕಾರು ಕಡೆ, ಪದಕದ ಹಿಂಬದಿ, ಕೊಕ್ಕೆ, ಬಿಡಿ ಎಲೆ, ಹೀಗೆ ಬೇರೆಬೇರೆ ಜಾಗಗಳಲ್ಲಿ ನೋಡಲು ಹೇಳಿ. ಅಂಕಿಗಳು ಒಂದಕ್ಕೊಂದು ಹತ್ತಿರವಿದ್ದರೆ ಸರಿ. ಇಲ್ಲವಾದರೆ ಬಿಐಎಸ್ ಮಾನ್ಯತೆ ಪಡೆದ ಹಾಲ್‌ಮಾರ್ಕಿಂಗ್ ಕೇಂದ್ರಕ್ಕೆ ಒಯ್ದು, ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು. ಹೊಸ ಒಡವೆ ಕೊಳ್ಳುವವರಿಗೆ ಈ ತಾಪತ್ರಯ ಕಡಿಮೆ. 2021ರ ಜೂನ್ 16ರಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಗಿದೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ಇರಲೇಬೇಕು. 916 ಎಂದರೆ 22 ಕ್ಯಾರೆಟ್, 750 ಎಂದರೆ 18 ಕ್ಯಾರೆಟ್. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನಿಮ್ಮ ಮೊಬೈಲ್‌ನಲ್ಲೇ ತಾಳೆ ನೋಡಬಹುದು.

ಚಿನ್ನದಂಥದೇ ಬಣ್ಣ, ಒಳಗೆ ಸೀಸ

ಚಿನ್ನದಲ್ಲಿ ತಪ್ಪಿದರೆ ಹೋಗುವುದು ಹಣ. ಅದೇ ಯಂತ್ರ ಮಕ್ಕಳ ಆರೋಗ್ಯಕ್ಕಾಗಿ ದುಡಿದ ಕಥೆ ನೆರೆಯ ಬಾಂಗ್ಲಾದೇಶದ್ದು. ಚಿನ್ನದ ಬಣ್ಣದ್ದೇ ಆದ ಅರಿಶಿನದ ಕಥೆ ಅದು.

ಅಲ್ಲಿನ ಹಳ್ಳಿಗಳ ಗರ್ಭಿಣಿಯರ ರಕ್ತದಲ್ಲಿ ಸೀಸ ಕಂಡುಬಂದಿತ್ತು. ಸುತ್ತಮುತ್ತ ಕಾರ್ಖಾನೆಗಳಿಲ್ಲದ ಕಡೆ ಈ ಸೀಸ ಎಲ್ಲಿಂದ ಬಂತು? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಢಾಕಾದ ಐಸಿಡಿಡಿಆರ್,ಬಿ ಸಂಸ್ಥೆಯವರು ಬೆನ್ನು ಹತ್ತಿ ಹೋದರು. ಸೀಸದ ಪರಮಾಣುಗಳಲ್ಲೇ ಸ್ವಲ್ಪ ಭಾರದವು, ಸ್ವಲ್ಪ ಹಗುರವಾದವು ಎಂಬ ಬಗೆಗಳಿವೆ. ಅವುಗಳ ಪ್ರಮಾಣವನ್ನು ಪ್ರಯೋಗಾಲಯದಲ್ಲಿ ಅಳೆದು, ರಕ್ತದಲ್ಲಿದ್ದ ಸೀಸಕ್ಕೂ ಬೇರೆಬೇರೆ ಮೂಲಗಳ ಸೀಸಕ್ಕೂ ಹೋಲಿಸಿದಾಗ ಬೆರಳು ತೋರಿದ್ದು ಅಡುಗೆಮನೆಯ ಅರಿಶಿನದ ಡಬ್ಬಿಯ ಕಡೆಗೆ. ಇದು 2019ರ ಮಾತು.

ಅರಿಶಿನದ ಕೊಂಬಿಗೆ ಹೊಳಪು ಬರಲೆಂದು ಲೆಡ್ ಕ್ರೋಮೇಟ್ ಎಂಬ ಹಳದಿ ಬಣ್ಣದ ಪುಡಿಯನ್ನು ಬಳಿಯುತ್ತಿದ್ದರು. 1980ರ ದಶಕದಲ್ಲಿ ನೆರೆ ಬಂದು ಬೆಳೆ ನೆನೆದು ಬಣ್ಣಗೆಟ್ಟಾಗ ಶುರುವಾದ ಚಾಳಿ ಇದೆಂದು ಸಂಶೋಧಕರಿಗೆ ತಿಳಿದುಬಂತು. ಹಳದಿ ಹೆಚ್ಚಿದಷ್ಟೂ ಒಳ್ಳೆಯ ಸರಕು ಎಂಬ ಗಿರಾಕಿಗಳ ನಂಬಿಕೆ ಅದನ್ನು ಮುಂದುವರಿಸಿತು. ಬಾಂಗ್ಲಾದೇಶದಲ್ಲಿ ಅರಿಶಿನಕ್ಕೆ ಸೀಸದ ಮಿತಿ ಗ್ರಾಮಿಗೆ 2.5 ಮೈಕ್ರೋಗ್ರಾಂ ಆಗಿದ್ದರೆ, ಒಂದು ಮಾದರಿಯಲ್ಲಿ 1,152 ಮೈಕ್ರೋಗ್ರಾಂ ಸಿಕ್ಕಿತ್ತು. ಸೀಸಕ್ಕೆ ರುಚಿ ಇಲ್ಲ, ವಾಸನೆ ಇಲ್ಲ. ಅದು ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ. ರಕ್ತದಲ್ಲಿ ಇಷ್ಟರೊಳಗೆ ಸೀಸವಿದ್ದರೆ ಅಪಾಯವಿಲ್ಲ ಎನ್ನಬಹುದಾದ ಮಟ್ಟವೇ ಗೊತ್ತಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ವಿಷಯವೇನೋ ತಿಳಿಯಿತು. ಸಾವಿರಾರು ಮೂಟೆಗಳ ನಡುವೆ ಕಲಬೆರಕೆಯ ಮೂಟೆಯನ್ನು ಹಿಡಿಯುವುದು ಹೇಗೆ? ಮಾದರಿ ತೆಗೆದು, ಪ್ರಯೋಗಾಲಯಕ್ಕೆ ಕಳಿಸಿ, ವರದಿ ಬರುವ ಹೊತ್ತಿಗೆ ಮೂಟೆ ಖಾಲಿಯಾಗಿ, ಪುಡಿಯಾಗಿ, ಎಷ್ಟೋ ಮನೆಗಳ ಸಾರಿನೊಳಗೆ ಸೇರಿರುತ್ತದೆ. ಇಲ್ಲಿ ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರ ಕೆಲಸಕ್ಕೆ ಬಂತು. 2019ರಲ್ಲಿ ಬಾಂಗ್ಲಾದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ಅಧಿಕಾರಿಗಳು ಢಾಕಾದ ಶ್ಯಾಮ್‌ಬಜಾರ್ ಸಗಟು ಮಾರುಕಟ್ಟೆಗೆ ಯಂತ್ರ ಹಿಡಿದೇ ಹೋದರು. ಸೀಸ ಇದ್ದ ಸರಕು ಅಲ್ಲಿಯೇ ಸಿಕ್ಕಿಬಿತ್ತು. ಸಂಚಾರಿ ನ್ಯಾಯಾಲಯ ಮಾರಾಟಗಾರರಿಗೆ ದಂಡ ಹಾಕಿತು. ಸುದ್ದಿ ಪತ್ರಿಕೆ, ಟಿವಿಗಳಲ್ಲಿ ಬಂತು. ಮಾರುಕಟ್ಟೆಗಳಲ್ಲಿ ಎಚ್ಚರಿಕೆಯ ಭಿತ್ತಿಪತ್ರಗಳು ಬಿದ್ದವು.

ಫಲಿತಾಂಶ ನೋಡಿ. 2019ರಲ್ಲಿ ಮಾರುಕಟ್ಟೆಯಿಂದ ತಂದ ಅರಿಶಿನದ ಮಾದರಿಗಳಲ್ಲಿ ಶೇ. 47ರಲ್ಲಿ ಸೀಸ ಕಂಡಿತ್ತು. 2020ರ ಆರಂಭಕ್ಕೆ ಅದು ಶೇ. 5ಕ್ಕೆ ಇಳಿಯಿತು. 2021ರ ಹೊತ್ತಿಗೆ ಸೊನ್ನೆ. ಅರಿಶಿನದ ಗಿರಣಿಗಳ ಕೆಲಸಗಾರರ ರಕ್ತದಲ್ಲಿನ ಸೀಸವೂ ಇಳಿಯಿತು.

ಇದನ್ನು ಯಂತ್ರ ಒಂದೇ ಸಾಧಿಸಿತು ಎನ್ನಲಾಗದು. ಕಳ್ಳ ಯಾರೆಂದು ತೋರಿಸಿದ್ದು ಪ್ರಯೋಗಾಲಯದ ನಿಧಾನದ ಪರೀಕ್ಷೆ, ಅಂದರೆ ಪುಟ. ಸಂತೆಯಲ್ಲಿ ಎಲ್ಲರ ಎದುರು ಹಿಡಿದದ್ದು ಕೈಯಂತ್ರ, ಅಂದರೆ ಒರೆಗಲ್ಲು. ಅದಕ್ಕೆ ಬಲ ತಂದದ್ದು ಕಾನೂನು ಮತ್ತು ಜನರ ಕಿವಿಗೆ ಬಿದ್ದ ಸುದ್ದಿ. ಇವುಗಳಲ್ಲಿ ಒಂದಿಲ್ಲದಿದ್ದರೂ ಈ ಕೆಲಸ ಇಷ್ಟು ಬೇಗ ಆಗುತ್ತಿರಲಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎಕ್ಸ್‌ಆರ್‌ಎಫ್‌ಗೆ ಕಾಣುವುದು ಮೂಲವಸ್ತು ಮಾತ್ರ. ಸೀಸ ಇದೆ ಎನ್ನಬಲ್ಲದು. ಅದು ಲೆಡ್ ಕ್ರೋಮೇಟ್ ಎಂಬ ಬಣ್ಣವೋ, ಮಣ್ಣಿನಿಂದ ಬಂದದ್ದೋ ಎಂದು ನೇರವಾಗಿ ಹೇಳಲಾರದು. ಲೆಡ್ ಕ್ರೋಮೇಟಿನಲ್ಲಿ ಒಂದು ಸೀಸದ ಪರಮಾಣುವಿಗೆ ಒಂದೇ ಕ್ರೋಮಿಯಂ ಪರಮಾಣು. ಅಳತೆಯಲ್ಲಿ ಇವೆರಡೂ ಇದೇ ಲೆಕ್ಕದಲ್ಲಿ ಜೊತೆಜೊತೆಯಾಗಿ ಸಿಕ್ಕಿದರೆ ಅನುಮಾನ ಬಣ್ಣದ ಪುಡಿಯ ಮೇಲೆ ಬೀಳುತ್ತದೆ. ಯಂತ್ರಕ್ಕೆ ಗೊಂದಲವಾಗುವುದೂ ಉಂಟು. ಸೀಸದ ಒಂದು ಗೆರೆ 10.55ರಲ್ಲಿದ್ದರೆ ಆರ್ಸೆನಿಕ್‌ನದು 10.54ರಲ್ಲಿದೆ, ಅವಳಿ ಮಕ್ಕಳ ಹಾಗೆ. ಆಗ ಸೀಸದ ಮತ್ತೊಂದು ಗೆರೆಯನ್ನು ನೋಡಿ ತೀರ್ಮಾನಿಸಬೇಕಾಗುತ್ತದೆ. ಗುಂಡಿ ಒತ್ತಲು ಯಾರಾದರೂ ಸಾಕು. ಉತ್ತರ ಓದಲು ತಿಳಿದವರೇ ಬೇಕು.

ನಮ್ಮ ದೇಶದ ಮಾತಿಗೆ ಬಂದರೆ, ಭಾರತ, ಪಾಕಿಸ್ತಾನ, ಶ್ರೀಲಂಕಾ ಮತ್ತು ನೇಪಾಳದ 23 ನಗರಗಳ ಅರಿಶಿನ ಪರೀಕ್ಷಿಸಿದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ಶೇ. 14 ಮಾದರಿಗಳಲ್ಲಿ ಗ್ರಾಮಿಗೆ 2 ಮೈಕ್ರೋಗ್ರಾಂಗಿಂತ ಹೆಚ್ಚು ಸೀಸವಿತ್ತು. ಪಟ್ನಾದಲ್ಲಿ, ಪಾಕಿಸ್ತಾನದ ಕರಾಚಿ ಮತ್ತು ಪೇಶಾವರಗಳಲ್ಲಿ ಸಾವಿರ ಮೈಕ್ರೋಗ್ರಾಂ ದಾಟಿದ ಮಾದರಿಗಳೂ ಸಿಕ್ಕವು. ನಮ್ಮ ಕಾನೂನು ಅರಿಶಿನದಲ್ಲಿ ಲೆಡ್ ಕ್ರೋಮೇಟನ್ನು ಒಪ್ಪುವುದೇ ಇಲ್ಲ. ಹಾಗೆಂದು ಅರಿಶಿನ ಕಂಡರೆ ಹೆದರಬೇಕಿಲ್ಲ. ಹೆಚ್ಚಿನ ಮಾದರಿಗಳು ಚೊಕ್ಕವಾಗಿಯೇ ಇದ್ದವು. ಆದರೆ ಕಣ್ಣಿಗೆ ಹೊಡೆಯುವ ಹಳದಿಯೇ ಒಳ್ಳೆಯ ಅರಿಶಿನದ ಗುರುತು ಎಂಬ ನಂಬಿಕೆಯನ್ನು ಬಿಡುವುದು ಒಳ್ಳೆಯದು.

ರಾಮನ್ ಕಂಡ ಬೆಳಕು

ಗ್ಲಿಸರಿನ್, ಸಕ್ಕರೆ, ಔಷಧದ ಪುಡಿ ಇವೆಲ್ಲ ಬಹುಪಾಲು ಇಂಗಾಲ, ಜಲಜನಕ, ಆಮ್ಲಜನಕಗಳಿಂದಾದವು. ಈ ಹಗುರ ಮೂಲವಸ್ತುಗಳು ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್‌ಗೆ ಕಾಣುವುದೇ ಇಲ್ಲ. ಅವಕ್ಕೆ ಬೇರೆ ಬೆಳಕು ಬೇಕು. ಆ ದಾರಿ ತೋರಿದವರು ಸರ್ ಸಿ. ವಿ. ರಾಮನ್.

1928ರ ಫೆಬ್ರುವರಿ 28ರಂದು ಕೊಲ್ಕತ್ತದಲ್ಲಿ ರಾಮನ್ ಮತ್ತು ಅವರ ಸಂಗಡಿಗ ಕೆ. ಎಸ್. ಕೃಷ್ಣನ್ ಒಂದು ಸಂಗತಿ ಕಂಡರು. ದ್ರವದ ಮೂಲಕ ಒಂದೇ ಬಣ್ಣದ ಬೆಳಕನ್ನು ಹಾಯಿಸಿದಾಗ, ಚದುರಿದ ಬೆಳಕಿನ ಅತ್ಯಲ್ಪ ಪಾಲು ಬೇರೆ ಬಣ್ಣವಾಗಿ ಹೊರಬರುತ್ತದೆ. ಕಾರಣ, ಬೆಳಕು ಅಣುವಿನ ಕಂಪನಕ್ಕೆ ತುಸು ಶಕ್ತಿ ಕೊಟ್ಟೋ, ಅದರಿಂದ ತುಸು ಪಡೆದೋ ಹೋಗುತ್ತದೆ. ಅಣು ಹೇಗೆ ಕಂಪಿಸುತ್ತದೆಯೋ ಹಾಗೆ ಬಣ್ಣ ಸರಿಯುತ್ತದೆ. ಆ ಸರಿತವೇ ಅಣುವಿನ ಗುರುತು. ಇದಕ್ಕೆ 1930ರಲ್ಲಿ ನೊಬೆಲ್ ಬಂತು. 1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು, 1948ರಲ್ಲಿ ಅಲ್ಲಿಯೇ ತಮ್ಮ ಸಂಶೋಧನಾ ಸಂಸ್ಥೆ ಕಟ್ಟಿದರು, ಕೊನೆಯವರೆಗೂ ಬೆಂಗಳೂರಿನವರೇ ಆಗಿ ಉಳಿದರು.

ರಾಮನ್ ಪರಿಣಾಮ ಬಹಳ ಕ್ಷೀಣವಾದದ್ದು. 1960ರಲ್ಲಿ ಲೇಸರ್ ಹುಟ್ಟಿತು, ಆಮೇಲೆ ಸೂಕ್ಷ್ಮ ಬೆಳಕು-ಸಂವೇದಕಗಳು ಅಗ್ಗವಾದವು. ಹಾಗಾಗಿ ಇಂದು ಕೈಯಲ್ಲಿ ಹಿಡಿಯುವ ರಾಮನ್ ಯಂತ್ರಗಳಿವೆ. ಪಾರದರ್ಶಕ ಪ್ಲಾಸ್ಟಿಕ್ ಚೀಲ ಅಥವಾ ಗಾಜಿನ ಬಾಟಲಿಯನ್ನು ತೆರೆಯದೆಯೇ ಒಳಗಿನದನ್ನು ಅವು ಗುರುತಿಸಬಲ್ಲವು. ಮಾದಕ ವಸ್ತು ಪತ್ತೆ ಹಚ್ಚುವವರೂ, ಔಷಧ ಕಾರ್ಖಾನೆಯವರೂ ಇದನ್ನು ಬಳಸುತ್ತಾರೆ.

ಇದರ ಬೆಲೆ ಮುಂಬಯಿಯ ಹಿರಿಯ ಕೇಳುಗರಿಗೆ ಚೆನ್ನಾಗಿ ಅರ್ಥವಾದೀತು. 1986ರಲ್ಲಿ ಜೆ. ಜೆ. ಆಸ್ಪತ್ರೆಯಲ್ಲಿ ಗ್ಲಿಸರಿನ್ ಔಷಧ ಪಡೆದ 14 ರೋಗಿಗಳು ಸತ್ತರು. ಅದರಲ್ಲಿ ಡೈಎಥಿಲಿನ್ ಗ್ಲೈಕಾಲ್ ಎಂಬ ವಿಷ ಸೇರಿತ್ತು. ಅದು ಮೂತ್ರಪಿಂಡವನ್ನು ಕೆಡಿಸುತ್ತದೆ. ನ್ಯಾಯಮೂರ್ತಿ ಲೆಂಟಿನ್ ಆಯೋಗ ಆ ಪ್ರಕರಣವನ್ನು ವಿಚಾರಣೆ ಮಾಡಿತು. ಗ್ಲಿಸರಿನ್ನೂ ಆ ವಿಷವೂ ನೋಡಲು ಒಂದೇ: ಬಣ್ಣವಿಲ್ಲ, ಮಂದ ದ್ರವ, ರುಚಿ ಸಿಹಿ. ಕಣ್ಣು ಮೂಗುಗಳಿಗೆ ಭೇದ ತಿಳಿಯದು. ಇವೆರಡರ ರಾಮನ್ ಗುರುತುಗಳು ಮಾತ್ರ ಬೇರೆಬೇರೆ. ಗೋದಾಮಿನ ಬಾಗಿಲಲ್ಲೇ ಪ್ರತಿ ಡ್ರಮ್ಮನ್ನೂ ನೋಡಿದರೆ, ಒಂದರ ಬದಲು ಇನ್ನೊಂದು ಬಂದಿದ್ದರೆ ಕೂಡಲೇ ತಿಳಿಯುತ್ತದೆ.

ಆದರೆ ಇಲ್ಲಿಯೂ ಒರೆ ಮತ್ತು ಪುಟದ ಲೆಕ್ಕ ಬಿಡುವಂತಿಲ್ಲ. ಔಷಧದ ಗ್ಲಿಸರಿನ್‌ನಲ್ಲಿ ಈ ವಿಷ ಶೇ. 0.1ಕ್ಕಿಂತ ಹೆಚ್ಚಿರಬಾರದು. ಅಷ್ಟು ಸಣ್ಣ ಬೆರಕೆಯನ್ನು ಸಾಮಾನ್ಯ ರಾಮನ್ ಕೈಯಂತ್ರ ಕಾಣಲಾರದು. ಅದಕ್ಕೆ ಪ್ರಯೋಗಾಲಯದ ಗ್ಯಾಸ್ ಕ್ರೊಮಾಟೋಗ್ರಫಿಯೇ ಬೇಕು. ಕೈಯಂತ್ರ "ಇದು ಗ್ಲಿಸರಿನ್" ಎಂದಿತೆಂದು ಪ್ರಯೋಗಾಲಯದ ಪರೀಕ್ಷೆಯನ್ನು ಕೈಬಿಟ್ಟರೆ, ಯಂತ್ರವೇ ಇಲ್ಲದ ಕಾಲಕ್ಕಿಂತ ಅಪಾಯ ಹೆಚ್ಚು. ಅರಿಶಿನದಂಥ ಪದಾರ್ಥಕ್ಕೆ ಲೇಸರ್ ತಾಗಿದರೆ ಅದರದ್ದೇ ಹೊಳಪು ಎದ್ದು, ಕ್ಷೀಣವಾದ ರಾಮನ್ ಬೆಳಕು ಅದರಲ್ಲಿ ಮುಳುಗಿಹೋಗುವುದೂ ಉಂಟು. ಯಾವ ವಸ್ತುವಿಗೆ ಯಾವ ಯಂತ್ರ ಎಂಬುದನ್ನು ಅರಿತೇ ಬಳಸಬೇಕು.

ತರಲಾಗದ ಮಣ್ಣು

ಕೆಲವೊಮ್ಮೆ ವಸ್ತುವನ್ನು ಪ್ರಯೋಗಾಲಯಕ್ಕೆ ತರಲು ಸಾಧ್ಯವೇ ಇರುವುದಿಲ್ಲ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿಯಿತು. ಅದರ ಪ್ರಜ್ಞಾನ್ ರೋವರ್‌ನಲ್ಲಿ ಲಿಬ್ಸ್ ಎಂಬ ಉಪಕರಣವಿತ್ತು. ಅದನ್ನು ರೂಪಿಸಿದ್ದು ಬೆಂಗಳೂರಿನಲ್ಲಿರುವ ಇಸ್ರೋದ ಲಿಯೋಸ್ ಪ್ರಯೋಗಾಲಯ. ತೀಕ್ಷ್ಣ ಲೇಸರ್ ಮಿಡಿತವೊಂದು ಮಣ್ಣಿನ ಚೂರನ್ನು ಕಾದ ಅನಿಲವಾಗಿಸುತ್ತದೆ. ಅದು ಚೆಲ್ಲುವ ಬೆಳಕನ್ನು ಓದುತ್ತಾರೆ. ನಮ್ಮ ಒಲೆಯ ಮೇಲೆ ಉಕ್ಕಿದ ಸಾರಿನ ಕಥೆಯೇ, ಚಂದ್ರನ ಮೇಲೆ. ಆ ಮಣ್ಣಿನಲ್ಲಿ ಗಂಧಕ ಇರುವುದು ಹೀಗೆ ತಿಳಿಯಿತು. ಅಷ್ಟಕ್ಕೇ ಬಿಡಲಿಲ್ಲ. ರೋವರ್‌ನಲ್ಲಿದ್ದ ಎಪಿಎಕ್ಸ್‌ಎಸ್ ಎಂಬ ಇನ್ನೊಂದು ಉಪಕರಣ ಬೇರೆಯದೇ ವಿಧಾನದಿಂದ ಅದನ್ನು ಖಚಿತಪಡಿಸಿತು. ಅಷ್ಟು ದೂರ ಹೋದವರೂ ಒಂದೇ ಯಂತ್ರದ ಮಾತಿಗೆ ಒಪ್ಪಲಿಲ್ಲ ಎಂಬುದನ್ನು ಗಮನಿಸಿ.

ನಾವು ಕೇಳಬೇಕಾದದ್ದು

ಈ ಯಂತ್ರಗಳನ್ನು ನಾವಾರೂ ಮನೆಗೆ ಕೊಂಡು ತರಬೇಕಿಲ್ಲ. ಎಕ್ಸ್-ರೇ ಯಂತ್ರವಂತೂ ಆಟದ ವಸ್ತುವಲ್ಲ. ಅದನ್ನು ಯಾರ ಕಡೆಗೂ ತಿರುಗಿಸಬಾರದು, ಪರೀಕ್ಷಿಸುವ ವಸ್ತುವನ್ನು ಅದರ ಮುಂದೆ ಬೆರಳಲ್ಲಿ ಹಿಡಿದು ನಿಲ್ಲಬಾರದು. ಆದರೆ ಇವು ನಮ್ಮ ಎದುರಿಗೇ ತೀರ್ಪು ಹೇಳುವ ಸಂದರ್ಭಗಳು ಹೆಚ್ಚುತ್ತಿವೆ. ಆಗ ನಾಲ್ಕು ಪ್ರಶ್ನೆ ಕೇಳಲು ಸಂಕೋಚ ಬೇಡ. ಯಂತ್ರಕ್ಕೆ ಕಂಡದ್ದು ಮೇಲ್ಮೈಯೋ, ಒಳಗೂ ಕಂಡಿತೋ? ಎಷ್ಟು ಕಡೆ ನೋಡಿದಿರಿ? ಗುಣಮಟ್ಟ ಗೊತ್ತಿರುವ ಮಾದರಿಯೊಂದಿಗೆ ಯಂತ್ರವನ್ನು ಇತ್ತೀಚೆಗೆ ತಾಳೆ ನೋಡಿದ್ದೀರಾ? ನನಗೆ ಅನುಮಾನವಿದ್ದರೆ ಪ್ರಯೋಗಾಲಯದ ಪರೀಕ್ಷೆಗೆ ದಾರಿ ಇದೆಯೇ?

ಜವೇರಿ ಬಜಾರಿನ ಆ ಅಂಗಡಿಯಲ್ಲಿ ಸರ ಇನ್ನೂ ಪೆಟ್ಟಿಗೆಯೊಳಗೇ ಇದೆ. ಮುಚ್ಚಳ ತೆಗೆಸಿ, ಬೆಸುಗೆಯಿಂದ ದೂರದ ಒಂದು ಎಲೆಯನ್ನು ತೋರಿಸಿ, ಇನ್ನೊಮ್ಮೆ ನೋಡಲು ಹೇಳಿ. ಅರ್ಧ ನಿಮಿಷದ ಕೆಲಸ. ಆಗ 91 ಅಥವಾ 92 ಬಂದರೆ ಅಜ್ಜಿಯ ಮಾತು ಉಳಿಯಿತು. ಮತ್ತೆ 87 ಬಂದರೂ ನಷ್ಟವಿಲ್ಲ. ಲೆಕ್ಕ ನಿಮ್ಮ ಕಣ್ಣೆದುರಿಗೇ ಆಯಿತು, ಮುರಿಸುವುದೋ ಹಾಗೇ ಇಟ್ಟುಕೊಳ್ಳುವುದೋ ಎಂದು ಮನೆಯವರೊಂದಿಗೆ ಕೂತು ಯೋಚಿಸಬಹುದು.